ಹಳೇ ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕ್ಸೋಕೆ ಹೊರಟಿದೀರಾ? ಮೊದ್ಲು ಇದನ್ನ ಓದಿ

ಸೆಕೆಂಡ್ ಹ್ಯಾಂಡ್ ‘ಜಿಟಿಎಕ್ಸ್ 1050 ಟಿಐ’ ಅಂತ ಯಾರಾದ್ರೂ ಕಾರ್ಡ್ ಕೈಗಿಟ್ರೆ ಮೊದ್ಲು ಅದರ ಪೋರ್ಟ್ ಇರೋ ಕಡೆ ತಿರುಗ್ಸಿ ನೋಡಿ. ಹಳೇ ಮಾನಿಟರ್ ಕೇಬಲ್ ಚುಚ್ಚೋ ನೀಲಿ ಬಣ್ಣದ ವಿಜಿಎ ಪೋರ್ಟ್ ಕಂಡ್ರೆ ಅದು ನಕಲಿ, ಅಸಲಿಯಲ್ಲಿ ಆ ಪೋರ್ಟ್ ಇರಲ್ಲ, ಅಲ್ಲೇ ವಾಪಸ್ ಕೊಟ್ಟು ಎದ್ದು ಬನ್ನಿ, ಚೌಕಾಸಿನೂ ಮಾಡ್ಬೇಡಿ. ಇಷ್ಟು ಓದಿ ಹೋದ್ರೂ ಸಾಕು. ಪೂರ್ತಿ ಏನಾಯ್ತು ಅಂತ ಬೇಕಿದ್ದೋರಿಗೆ ಕೆಳಗೆ ಬರೀತಿದೀನಿ, ಸಿಟ್ಟಲ್ಲಿ ಬರೀತಿರೋದು, ಹಿಂದೆ ಮುಂದೆ ಆಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ನಮ್ಮನೇಲಿರೋದು ಡೆಲ್ ಆಪ್ಟಿಪ್ಲೆಕ್ಸ್ 9020, ಮಿನಿ ಟವರ್. ಆಫೀಸಲ್ಲಿ ಹಳೇ ಡೆಸ್ಕ್‌ಟಾಪ್‌ಗಳನ್ನೆಲ್ಲಾ ತೆಗೆದು ಸ್ಟಾಫಿಗೇ ಕಮ್ಮಿ ರೇಟಿಗೆ ಕೊಟ್ರಲ್ಲ ಆವಾಗ ತಗೊಂಡಿದ್ದು. 4ನೇ ಜನರೇಷನ್ ಐ5-4590 ಪ್ರೊಸೆಸರ್, 8 ಜಿಬಿ ಡಿಡಿಆರ್3 ರ‍್ಯಾಮ್, ಎಸ್‌ಎಸ್‌ಡಿ ಮಾತ್ರ ಆಮೇಲೆ ನಾನು ಹಾಕಿಸಿದ್ದು. ಟ್ಯಾಲಿ, ಎಕ್ಸೆಲ್, ಅಮ್ಮನ ಯೂಟ್ಯೂಬ್, ತಮ್ಮನ ಕ್ಲಾಸು, ಏನ್ ಕೊಟ್ರೂ ಪಾಪ ತಕರಾರಿಲ್ಲದೆ ಮಾಡ್ತಿತ್ತು. ತಮ್ಮಂದು ಸೆಕೆಂಡ್ ಪಿಯು ಮುಗೀತು, ಮಾರ್ಕ್ಸೂ ಚೆನ್ನಾಗಿ ಬಂತು, ಅಕ್ಕಾ ಇದ್ರಲ್ಲಿ ಜಿಟಿಎ 5 ಗೇಮ್ ಓಡೋ ಹಂಗೆ ಮಾಡಿಸ್ಕೊಡು ಅಂತ ಶುರು ಹಚ್ಕೊಂಡ. ಸರಿ ಅಂದೆ.

ಹೊಸದು ಅಸೆಂಬಲ್ ಮಾಡ್ಸೋಣ ಅಂತ ವಿಚಾರಿಸಿದ್ರೆ 2025ರ ಕೊನೆಯಿಂದ ರ‍್ಯಾಮ್ ರೇಟು ಹೇಗೆ ಏರಿದೆ ಅಂತ ನಿಮಗೂ ಗೊತ್ತಿದೆ, ರ‍್ಯಾಮ್ ಒಂದಕ್ಕೇ ಅವರು ಹೇಳೋ ದುಡ್ಡು ಕೇಳಿ ಸುಮ್ಮನಾದೆ. ಹಾಗಾದ್ರೆ ಇರೋದಕ್ಕೇ ಒಂದು ಕಾರ್ಡ್ ಹಾಕ್ಸೋದಾ, ಇಲ್ಲಾ ದುಡ್ಡು ಕೂಡಿಟ್ಟು ಮುಂದಿನ ವರ್ಷ ಹೊಸದೇ ತಗೊಳ್ಳೋದಾ? ಈ ಪ್ರಶ್ನೆಗೆ ಉತ್ತರ ಕೊಟ್ಟವನು ಯಾರು ಅಂದ್ರೆ ಕಾರ್ಡ್ ಮಾರೋ ಅಂಗಡಿಯವನೇ. ಅವನು ಬೇಡ ಅಂತಾನಾ?

ಅಂಗಡಿ ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ಟು ಎಸ್‌ಪಿ ರೋಡ್ ಮೇನಲ್ಲಿ ಅಲ್ಲ, ಪಕ್ಕದ ಗಲ್ಲಿಯಲ್ಲಿ, ಕಿರಿದಾದ ಮೆಟ್ಟಿಲು ಹತ್ಕೊಂಡು ಹೋಗ್ಬೇಕು. ಹೆಸರು ಹಾಕಲ್ಲ, ಕಂಪ್ಲೇಂಟ್ ಕೊಟ್ಟಿದೀನಿ, ಅದು ಮುಗೀಲಿ. ಎಸ್‌ಪಿ ರೋಡಲ್ಲಿ ಸರಿಯಾಗಿ ಬಿಲ್ ಕೊಟ್ಟು ವ್ಯಾಪಾರ ಮಾಡೋ ಅಂಗಡಿಗಳು ಬೇಕಾದಷ್ಟಿವೆ, ಎಸ್‌ಎಸ್‌ಡಿ ತಗೊಂಡಿದ್ದೂ ಅಲ್ಲೇ, ಆ ರೋಡನ್ನೇ ಬೈಯೋಕೆ ಬಂದಿಲ್ಲ ನಾನು.

ಕ್ಯಾಬಿನೆಟ್ ಆಟೋದಲ್ಲಿ ಹಾಕ್ಕೊಂಡು ಹೋಗಿದ್ವಿ. ಸೈಡ್ ಡೋರ್ ತೆಗೆದು ಒಳಗೆ ನೋಡಿ, ಕೈಯಲ್ಲಿ ಟಪ್ ಟಪ್ ಅಂತ ಬಡಿದು ಅವನು ಹೇಳಿದ ಮಾತು, ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ: “ಏನ್ ಗಟ್ಟಿ ಮೆಷಿನ್ ಮೇಡಂ ಇದು! ಈಗ ಬರೋವೆಲ್ಲಾ ತಗಡು. ಇದನ್ನ ಬಿಟ್ಟು ಹೊಸದು ತಗೋತೀನಿ ಅಂತೀರಲ್ಲ, ಒಂದು ಕಾರ್ಡ್ ಹಾಕಿ ಸಾಕು, ಇನ್ನೂ ಐದು ವರ್ಷ ಕಣ್ಮುಚ್ಕೊಂಡು ಓಡುತ್ತೆ.” ತಮ್ಮಂಗೆ ಅಂತೂ “ಬ್ರೋ, ಜಿಟಿಎ ಎಲ್ಲಾ ಹೈ ಸೆಟ್ಟಿಂಗ್ಸಲ್ಲಿ ಆಡ್ಬೋದು ಬ್ರೋ”. ಬ್ರೋ ಅಂದ ತಕ್ಷಣ ಇವನ ಮುಖ ನೋಡ್ಬೇಕಿತ್ತು.

1050 ಟಿಐ, 4 ಜಿಬಿ, 5,800 ರೂಪಾಯಿ. ಆಮೇಲೆ ಒಂದೊಂದೇ ಬಿಚ್ಚಿದ. “ಮೇಡಂ ಇದ್ರಲ್ಲಿರೋದು 290 ವ್ಯಾಟ್ ಎಸ್‌ಎಂಪಿಎಸ್, ಗೇಮಿಂಗ್ ಕಾರ್ಡ್ ತಡ್ಕೊಳಲ್ಲ, ಚೇಂಜ್ ಮಾಡ್ಲೇಬೇಕು.” ಎಸ್‌ಎಂಪಿಎಸ್ ಅಂದ್ರೆ ಪಿಸಿಗೆ ಕರೆಂಟ್ ಕೊಡೋ ಬಾಕ್ಸು, ಅದಕ್ಕೆ 1,600. ಡೆಲ್‌ನ ಈ ಮದರ್‌ಬೋರ್ಡಿಗೆ ಪವರ್ ಹೋಗೋದು 8 ಪಿನ್ ಕನೆಕ್ಟರಲ್ಲಿ, ಹೊರಗೆ ಸಿಗೋ ಎಸ್‌ಎಂಪಿಎಸ್ಸಲ್ಲಿ ಇರೋದು 24 ಪಿನ್, ಹಾಗಾಗಿ ನಡುವೆ ಒಂದು ಕನ್ವರ್ಟರ್ ಕೇಬಲ್ ಬೇಕು, ಅದು ನಿಜಾನೇ, ಅದಕ್ಕೆ 350. ಫಿಟ್ಟಿಂಗ್ 300. ಒಟ್ಟು 8,050, ಐವತ್ತು ಬಿಡಿ ಮೇಡಂ ಅಂತ ದೊಡ್ಡ ಮನಸ್ಸು ಬೇರೆ ಮಾಡ್ದ.

ಈಗ ಗೊತ್ತಾಗಿರೋದು ಹೇಳ್ತೀನಿ ಕೇಳಿ. ಅಸಲಿ 1050 ಟಿಐ ತಿನ್ನೋದೇ 75 ವ್ಯಾಟು. ಮದರ್‌ಬೋರ್ಡಲ್ಲಿ ಕಾರ್ಡ್ ಕೂರೋ ಸ್ಲಾಟೇ ಅಷ್ಟು ಕೊಡುತ್ತೆ. ಬಹಳಷ್ಟು ಮಾಡೆಲ್‌ಗೆ ಬೇರೆ ಪವರ್ ಕೇಬಲ್ಲೇ ಬೇಡ, ಈ ಥರ ಆಫೀಸ್ ಡೆಸ್ಕ್‌ಟಾಪ್‌ಗಳಿಗೆ ಎಲ್ಲರೂ ಅದನ್ನೇ ಹುಡುಕ್ಕೊಂಡು ಹಾಕ್ತಿದ್ದಿದ್ದು ಇದೇ ಕಾರಣಕ್ಕೆ. ಅಂದ್ರೆ ನನ್ನ ಎಸ್‌ಎಂಪಿಎಸ್ ಮುಟ್ಟೋ ಅಗತ್ಯಾನೇ ಇರ್ಲಿಲ್ಲ! ಮತ್ಯಾಕೆ ಬದಲಾಯಿಸಿದ? ಇರಿ, ಹೇಳ್ತೀನಿ.

ಕಾರ್ಡ್ ಹಾಕಿ ಆನ್ ಮಾಡಿ ವಿಂಡೋಸಲ್ಲಿ ಪಾರ್ಟ್‌ಗಳ ಹೆಸರು ತೋರ್ಸೋ ಡಿವೈಸ್ ಮ್ಯಾನೇಜರ್ ತೆಗೆದು ತೋರ್ಸಿದ, ‘ಎನ್‌ವಿಡಿಯಾ ಜಿಫೋರ್ಸ್ ಜಿಟಿಎಕ್ಸ್ 1050 ಟಿಐ’ ಅಂತಾನೇ ಬಂತು. ಗೇಮ್ ಒಂದು ಓಡ್ಸಿ ತೋರ್ಸಿ ಅಂದ್ರೆ ಪೆನ್‌ಡ್ರೈವಿಂದ ವೈಸ್ ಸಿಟಿ ಹಾಕ್ದ. 2003ರಲ್ಲಿ ಪಿಸಿಗೆ ಬಂದ ಗೇಮ್ ಅದು, ಕಾರ್ಡೇ ಇಲ್ದೆ ಓಡುತ್ತೆ! ತಮ್ಮ ಬಾಯಿ ತೆಗೆಯೋಷ್ಟರಲ್ಲಿ ಕ್ಲೋಸ್ ಮಾಡಿ “ಸೂಪರ್ ಅಲ್ವಾ ಬ್ರೋ” ಅಂದ. ಬಿಲ್ ಕೇಳಿದ್ರೆ “ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಮೇಡಂ, ಸೆಕೆಂಡ್ಸ್‌ಗೆ ಯಾರೂ ಬಿಲ್ ಕೊಡಲ್ಲ” ಅಂತ ಒಂದು ಚೀಟಿ ಮೇಲೆ ಕಾರ್ಡ್ ಹೆಸರು, ರೇಟು, ‘ಟೆಸ್ಟಿಂಗ್ 7 ದಿನ’ ಅಂತ ಬರ್ಕೊಟ್ಟ. ಹೊರಡೋವಾಗ ಕೊನೇ ಮಾತು: “ಡ್ರೈವರ್ ಅಪ್‌ಡೇಟ್ ಕೇಳುತ್ತೆ ಮೇಡಂ, ಮಾಡ್ಬೇಡಿ, ಹಳೇ ಡ್ರೈವರೇ ಸ್ಟೇಬಲ್.” ಡ್ರೈವರ್ ಅಂದ್ರೆ ವಿಂಡೋಸು ಕಾರ್ಡ್ ಜೊತೆ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್.

ಮನೆಗೆ ಬಂದು ಜಿಟಿಎ 5 ಹಾಕಿದ. ಮೆನು ಬಂತು, ಗೇಮ್ ಲೋಡ್ ಆಯ್ತು, ಸ್ವಲ್ಪ ಹೊತ್ತು ತಡವರಿಸ್ಕೊಂಡು ಓಡ್ತು, ರೋಡ್ ಮೇಲೆಲ್ಲಾ ಬಣ್ಣ ಬಣ್ಣದ ಚೌಕ ಬಂತು, ಸ್ಕ್ರೀನ್ ಕಪ್ಪಾಯ್ತು. ಮತ್ತೆ ಹಾಕಿದ, ಮತ್ತೆ ಅದೇ. ಸೆಟ್ಟಿಂಗ್ಸ್ ಕಮ್ಮಿ ಮಾಡಿದ್ರೆ ಇನ್ನೊಂಚೂರು ಹೊತ್ತು ಓಡಿ ಕಪ್ಪಾಯ್ತು. ಅಂಗಡಿಗೆ ಫೋನ್ ಮಾಡಿದ್ರೆ “ವಿಂಡೋಸ್ ಪ್ರಾಬ್ಲಂ ಮೇಡಂ, ಫ್ರೆಶ್ ಆಗಿ ಹಾಕಿ ನೋಡಿ”. ತಮ್ಮ ಕೂತ್ಕೊಂಡು ರಾತ್ರಿಯೆಲ್ಲಾ ವಿಂಡೋಸ್ ಹಾಕಿದ. ಹಾಕಿ ನೆಟ್ ಕನೆಕ್ಟ್ ಮಾಡಿದ್ನೋ ಇಲ್ವೋ, ವಿಂಡೋಸ್ ತಾನೇ ಎನ್‌ವಿಡಿಯಾ ಡ್ರೈವರ್ ಎಳ್ಕೊಂಡು ಹಾಕ್ಕೊಂಡ್ತು, ಅಷ್ಟೇ, ಡಿವೈಸ್ ಮ್ಯಾನೇಜರಲ್ಲಿ ಹಳದಿ ಗುರುತು, ಕೋಡ್ 43 ಅನ್ನೋ ಎರರ್, ಅಕ್ಷರ ಎಲ್ಲಾ ದೊಡ್ಡ ದೊಡ್ಡದಾಗಿ ಸ್ಕ್ರೀನ್ ತುಂಬಾ. ‘ಅಪ್‌ಡೇಟ್ ಮಾಡ್ಬೇಡಿ’ ಅಂದಿದ್ದು ಇದಕ್ಕೇ!

ತಮ್ಮನ ಫ್ರೆಂಡ್ ಒಬ್ಬ ಬಂದ, ಇಂಜಿನಿಯರಿಂಗ್ ಹುಡುಗ. ಜಿಪಿಯು-ಜಡ್ ಅಂತ ಒಂದು ಚಿಕ್ಕ ಫ್ರೀ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ ಓಪನ್ ಮಾಡ್ದ. ಮೊದಲನೇ ಲೈನಲ್ಲೇ, ಹೆಸರಿಗಿಂತ ಮುಂಚೆ: ‘ಫೇಕ್’. ಫೇಕ್ ಎನ್‌ವಿಡಿಯಾ ಜಿಫೋರ್ಸ್ ಜಿಟಿಎಕ್ಸ್ 1050 ಟಿಐ. ಕಾರ್ಡ್ ಫೋಟೋ ಬರೋ ಜಾಗದಲ್ಲಿ ಹಳದಿ ತ್ರಿಕೋನ, ಒಳಗೆ ಆಶ್ಚರ್ಯಸೂಚಕ. ಆ ಹುಡುಗ ನನ್ನ ಮುಖ ನೋಡ್ದ, ತಮ್ಮ ನೆಲ ನೋಡ್ದ, ಅಮ್ಮ ಅಡುಗೆಮನೆ ಬಾಗಿಲಿಂದ “ಏನಂತೆ, ಸರಿ ಹೋಯ್ತಾ?” ಅಂತಾರೆ. ಆಫೀಸಲ್ಲಿ ವೆಂಡರ್ ಬಿಲ್ ಪಾಸ್ ಮಾಡೋದೇ ನನ್ನ ಕೆಲಸ, ದಿನಾ ಹತ್ತು ಜನರ ಬಿಲ್ ತಿರುಗ್ಸಿ ಕೇಳ್ತೀನಿ. ನನಗೇ ಟೋಪಿ. ಅಮ್ಮಂಗೆ ಏನ್ ಹೇಳ್ಲಿ? “ಡ್ರೈವರ್ ಅಮ್ಮ” ಅಂದೆ.

ಆ ಸ್ಕ್ರೀನಲ್ಲೇ ಎಲ್ಲಾ ಇತ್ತು. ಚಿಪ್ ಜಿಎಫ್116, 40 ನ್ಯಾನೋಮೀಟರ್, ಲೆಕ್ಕ ಮಾಡೋ ಚಿಕ್ಕ ಘಟಕ ಅಂದ್ರೆ ಶೇಡರ್ 192. ಅಸಲಿ 1050 ಟಿಐ 2016ರದ್ದು, ಚಿಪ್ ಜಿಪಿ107, 14 ನ್ಯಾನೋಮೀಟರ್, 768 ಶೇಡರ್. ನಮ್ಮ ಕೈಲಿರೋದು 2011ರ ಜಿಟಿಎಕ್ಸ್ 550 ಟಿಐ ಚಿಪ್ಪು! ಅದರ ಬಯೋಸ್, ಅಂದ್ರೆ ಕಾರ್ಡ್ ಒಳಗೇ ಬರೆದಿರೋ ಸಾಫ್ಟ್‌ವೇರ್, ಅಳಿಸಿ 1050 ಟಿಐ ಅಂತ ಸುಳ್ಳು ಹೇಳೋ ಬಯೋಸ್ ಬರೆದಿದಾರೆ, ಒಳಗೆ 1 ಜಿಬಿ ಮೆಮೊರಿ ಇದ್ದಿದ್ದನ್ನ 4 ಜಿಬಿ ಅಂತ ತೋರ್ಸೋ ಹಂಗೆ. ಗೇಮ್ ಆ 1 ಜಿಬಿ ದಾಟಿ ಮುಂದಕ್ಕೆ ಕೈ ಹಾಕಿದ ತಕ್ಷಣ ಅಲ್ಲಿ ಏನೂ ಇಲ್ಲ, ಅದಕ್ಕೇ ಚೌಕ, ಅದಕ್ಕೇ ಕಪ್ಪು. ಆ ಹಳೇ ಚಿಪ್‌ಗೆ ಅದನ್ನ ಮಾಡಿದ ಎನ್‌ವಿಡಿಯಾ ಕಂಪನಿ 2018ರಲ್ಲೇ ಹೊಸ ಡ್ರೈವರ್ ಕೊಡೋದು ನಿಲ್ಲಿಸಿದೆ, ಹಳೇ ಡ್ರೈವರನ್ನೇ ತಿದ್ದಿ ಹಾಕಿ ಕಳ್ಸಿದ್ದ ಪುಣ್ಯಾತ್ಮ.

ಈಗ ಎಸ್‌ಎಂಪಿಎಸ್ ಕಥೆ. 550 ಟಿಐ ತಿನ್ನೋದು 116 ವ್ಯಾಟ್. ಅದಕ್ಕೆ 6 ಪಿನ್ ಪವರ್ ಕೇಬಲ್ ಬೇಕೇ ಬೇಕು. ಡೆಲ್‌ನ ಆ 290 ವ್ಯಾಟ್ ಎಸ್‌ಎಂಪಿಎಸ್ಸಲ್ಲಿ ಆ ಕೇಬಲ್ ಇಲ್ಲ. ಅರ್ಥ ಆಯ್ತಲ್ಲ? ನಕಲಿ ಕಾರ್ಡ್ ಓಡ್ಲಿ ಅಂತ ನನ್ನ ದುಡ್ಡಲ್ಲೇ ಎಸ್‌ಎಂಪಿಎಸ್ ಬದಲಾಯಿಸಿದಾನೆ, ನನ್ನ ದುಡ್ಡಲ್ಲೇ ಕನ್ವರ್ಟರ್ ಹಾಕಿದಾನೆ, ಅದನ್ನ ಜೋಡ್ಸೋಕೆ ಫಿಟ್ಟಿಂಗ್ ಚಾರ್ಜ್ ನನ್ನ ಹತ್ರಾನೇ ತಗೊಂಡಿದಾನೆ. ಕಾರ್ಡ್ ಮೋಸಕ್ಕಿಂತ ಇದು ಹೊಟ್ಟೆ ಉರಿಸ್ತು ನನಗೆ.

ಇನ್ನು ಅವನ ಉತ್ತರಗಳು. ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡ್ದೆ.

“ಅದು ಫ್ರೀ ಸಾಫ್ಟ್‌ವೇರ್ ಮೇಡಂ, ಅದನ್ನೆಲ್ಲಾ ನಂಬ್ಬೇಡಿ.”

ಚಿಪ್ ನಂಬರ್ ಬರ್ತಿದೆಯಲ್ಲಾ ಅಂದ್ರೆ, “ಯೂಟ್ಯೂಬ್ ನೋಡ್ಕೊಂಡು ಮಾತಾಡ್ಬೇಡಿ ಮೇಡಂ, ನಾವು ಇದೇ ಫೀಲ್ಡಲ್ಲಿರೋರು.”

ಗೇಮ್ ಓಡ್ತಿಲ್ವಲ್ಲಾ ಅಂದ್ರೆ, ಈಗ ಬಂತು ನೋಡಿ, “ಕಾರ್ಡ್ ಓಕೆ ಇದೆ, ನಿಮ್ಮ ಪಿಸಿ ಡಬ್ಬಾ ಮೇಡಂ, ಹತ್ತು ವರ್ಷ ಮೇಲಾಗಿದೆ, ಪ್ರೊಸೆಸರ್ ಬಾಟಲ್‌ನೆಕ್ ಆಗಿ ಕಾರ್ಡನ್ನ ತಡೀತಿದೆ, ನಾನೇನ್ ಮಾಡ್ಲಿ?”

ಗಟ್ಟಿ ಮೆಷಿನ್ ಅಂದವನು ಯಾರಪ್ಪಾ? ಕಣ್ಮುಚ್ಕೊಂಡು ಐದು ವರ್ಷ ಅಂದವನು ಯಾರು? ದುಡ್ಡು ಅವನ ಫೋನಿಗೆ ಹೋಗೋ ತನಕ ಗಟ್ಟಿ, ಹೋದ್ಮೇಲೆ ಡಬ್ಬಾ!

ನೇರ ಅಂಗಡಿಗೇ ಹೋದೆ, ಕಾರ್ಡ್ ಹಿಡ್ಕೊಂಡು. ಅಲ್ಲಿ ಬೇರೆ ಗಿರಾಕಿಗಳಿದ್ರು, ಅದಕ್ಕೇ ಸ್ವಲ್ಪ ಮೆತ್ತಗಾದ. “ಇದನ್ನ 1,500ಕ್ಕೆ ಎಕ್ಸ್‌ಚೇಂಜ್ ತಗೋತೀನಿ ಮೇಡಂ, ಮೇಲೆ 7,000 ಹಾಕಿ, 1650 ಕಾರ್ಡ್ ಕೊಡ್ತೀನಿ.” ನೀವೇ 5,800ಕ್ಕೆ ಕೊಟ್ಟಿದ್ದು 1,500 ಹೇಗಾಯ್ತು ಅಂದೆ. “ಯೂಸ್ ಮಾಡಿದೀರಲ್ಲ ಮೇಡಂ.” ಯೂಸ್ ಮಾಡಿದ್ದೇನು, ಕಪ್ಪು ಸ್ಕ್ರೀನ್ ನೋಡಿದ್ದು! ಸರಿ ನನ್ನ ಹಳೇ ಡೆಲ್ ಎಸ್‌ಎಂಪಿಎಸ್ ಆದ್ರೂ ವಾಪಸ್ ಕೊಡಿ ಅಂದೆ. ಕೌಂಟರ್ ಹುಡುಗನ ಮುಖ ನೋಡ್ದ, ಆ ಹುಡುಗ ಇವನ ಮುಖ ನೋಡ್ದ. “ಅದು ಸ್ಕ್ರ್ಯಾಪಿಗೆ ಹೋಯ್ತು ಮೇಡಂ.” ಚೆನ್ನಾಗಿ ನಡೀತಿದ್ದ ಒರಿಜಿನಲ್ ಎಸ್‌ಎಂಪಿಎಸ್ ಸ್ಕ್ರ್ಯಾಪಂತೆ. ಟೆಸ್ಟಿಂಗ್ ವಾರಂಟಿ ಚೀಟಿ ತೋರ್ಸಿದ್ರೆ “ಕಾರ್ಡ್ ಆನ್ ಆಗ್ತಿದೆಯಲ್ಲ ಮೇಡಂ, ಟೆಸ್ಟಿಂಗ್ ಅಂದ್ರೆ ಅಷ್ಟೇ”. ಅದಾದ್ಮೇಲೆ ಮೆಸೇಜಿಗೆ ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ.

‘ನೋಡಿ ತಗೋಬೇಕಿತ್ತಮ್ಮ’ ಅಂತ ಈಗಾಗಲೇ ಇಬ್ಬರು ಮೂವರು ಬುದ್ಧಿ ಹೇಳಿದಾರೆ. ನೋಡೇ ತಗೊಂಡಿದ್ದು ಸ್ವಾಮಿ, ಸ್ಕ್ರೀನ್ ಮೇಲೆ 1050 ಟಿಐ ಅಂತ ಬಂದಿದ್ದನ್ನ ಕಣ್ಣಾರೆ ನೋಡೇ ದುಡ್ಡು ಕೊಟ್ಟಿದ್ದು. ಬಯೋಸ್ ಒಳಗೇ ಸುಳ್ಳು ಬರೆದಿದ್ರೆ ಹೊರಗಿಂದ ಏನಂತ ನೋಡ್ಲಿ?

ನಿಮ್ಮ ಹತ್ರಾನೂ ಇಂಥ ಆಫೀಸ್ ಡೆಸ್ಕ್‌ಟಾಪ್ ಇದ್ರೆ, ಎಸ್‌ಎಂಪಿಎಸ್ ಚೇಂಜ್ ಮಾಡ್ಬೇಕು ಅಂದ ಕ್ಷಣ ಅಪ್‌ಗ್ರೇಡ್ ಆಸೆ ಬಿಡಿ, ಆ ದುಡ್ಡನ್ನ ಹೊಸದಕ್ಕೆ ಎತ್ತಿಡಿ. ಈ ಥರ 4ನೇ ಜನರೇಷನ್ ಇಂಟೆಲ್ ಆಫೀಸ್ ಬೋರ್ಡಲ್ಲಿ ಜಾಸ್ತಿ ಅಂದ್ರೆ ಐ7-4790 ಥರದ ಪ್ರೊಸೆಸರ್ ಹಾಕ್ಬೋದು, ಆಮೇಲೆ ದಾರಿ ಇಲ್ಲ, ರ‍್ಯಾಮೂ ಡಿಡಿಆರ್3, ಮುಂದಿನ ಪಿಸಿಗೆ ಬರಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪೋದು 8ನೇ ಜನರೇಷನ್ ಇಂದ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು, ಇದನ್ನ ಯಾವ ಅಂಗಡಿಯವನೂ ಬಾಯಿ ಬಿಡಲ್ಲ. ಹಾಕ್ಸಲೇಬೇಕು ಅಂತಿದ್ರೆ 6 ಪಿನ್ ಇಲ್ದಿರೋ 75 ವ್ಯಾಟ್ ಒಳಗಿನ ಕಾರ್ಡು, ಜಿಟಿಎಕ್ಸ್ 1650 ಥರದ್ದು, ಕ್ಯಾಬಿನೆಟ್ ತೆಳ್ಳಗಿರೋ ಎಸ್‌ಎಫ್‌ಎಫ್ ಆಗಿದ್ರೆ ಗಿಡ್ಡ ಸೈಜಿನ ಲೋ ಪ್ರೊಫೈಲ್ ಕಾರ್ಡ್ ಅಂತಾನೇ ಕೇಳಿ. 1650ರಲ್ಲೂ ಕೆಲವು ಮಾಡೆಲ್‌ಗೆ 6 ಪಿನ್ ಇರುತ್ತೆ, ನೋಡಿ. ಜಿಪಿಯು-ಜಡ್ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗಿ, ಅಂಗಡಿಯಲ್ಲೇ ಓಡ್ಸಿ, ಬೇಡ ಅಂದ್ರೆ ಅದೇ ಉತ್ತರ. ಬಿಲ್ ಇಲ್ದೆ ಒಂದು ಸ್ಕ್ರೂನೂ ತಗೋಬೇಡಿ. ಹಳೇ ಪಾರ್ಟು ಅಂಗಡಿಯಲ್ಲಿ ಬಿಡ್ಬೇಡಿ, ಬ್ಯಾಗಿಗೆ ಹಾಕ್ಕೊಂಡು ಬನ್ನಿ.

ನಾನು 1915ಕ್ಕೆ, ಗ್ರಾಹಕರ ಹೆಲ್ಪ್‌ಲೈನು ಅದು, ಫೋನ್ ಮಾಡಿ ದೂರು ಬರೆಸಿದೀನಿ. ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ಚಾಟ್ ಎಲ್ಲಾ ಇದೆ. ಅಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗಿನ ಕೇಸಿಗೆ ಫೀಸೇ ಇಲ್ಲ, ಎಂಟು ಸಾವಿರಕ್ಕೆ ಕೋರ್ಟಾ ಅಂತ ಅಮ್ಮ ಅಂತಾರೆ, ಹೌದು ಕೋರ್ಟೇ. ಕಾರ್ಡ್ ತೆಗೆದಿಟ್ಟಿದೀವಿ, ಪಿಸಿ ಈಗ ಆ ಹೆಸರಿಲ್ಲದ ಲೋಕಲ್ ಎಸ್‌ಎಂಪಿಎಸ್ ಮೇಲೆ ನಡೀತಿದೆ, ಸುಟ್ಟ ವಾಸನೆ ಥರ ಏನೋ ಬರುತ್ತೆ ಅಂತ ತಮ್ಮ ಅಂತಿದಾನೆ, ಅದಕ್ಕೇ ಜಾಸ್ತಿ ಹೊತ್ತು ಆನ್ ಇಡ್ತಿಲ್ಲ. ಯಾರ ಹತ್ರಾದ್ರೂ 9020 ಮಿನಿ ಟವರಿನ ಒರಿಜಿನಲ್ 290 ವ್ಯಾಟ್ ಎಸ್‌ಎಂಪಿಎಸ್ ಇದ್ರೆ ಹೇಳಿ, ಬೆಂಗಳೂರಲ್ಲಿ ಎಲ್ಲಿದ್ರೂ ಬರ್ತೀನಿ. ಆನ್ ಮಾಡಿ ತೋರ್ಸಿದ್ಮೇಲೇ ದುಡ್ಡು.