ಕಲಿಕಾ ಸಮುದಾಯದ ಗುರುತು ಪರಿಶೀಲನೆ: ಹಲವು ವರ್ಷಗಳ ಬಳಕೆಯ ಅನುಭವ

ಅಧ್ಯಾಪಕರು, ಸಂಶೋಧಕರು ಮತ್ತು ವಿದ್ಯಾರ್ಥಿಗಳಿಗಾಗಿಯೇ ಇರುವ ಆನ್‌ಲೈನ್ ಕಲಿಕಾ ಸಮುದಾಯವೊಂದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಈ ವಿಮರ್ಶೆ ಅಲ್ಲಿನ ಪಾಠಗಳ ಕುರಿತದ್ದಲ್ಲ, ಒಳಗೆ ಪ್ರವೇಶಿಸುವ ಮುನ್ನ ನಡೆಯುವ ಗುರುತು ಪರಿಶೀಲನೆಯ ಕುರಿತದ್ದು. ಪ್ರಶ್ನೆಪತ್ರಿಕೆಗಳು ಮತ್ತು ಮೌಲ್ಯಮಾಪನದ ಸೂಚನೆಗಳು ಅಧ್ಯಾಪಕರ ವಿಭಾಗದಲ್ಲಿ ಇರುವುದರಿಂದ ಪರಿಶೀಲನೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಸದಸ್ಯರಿಂದ ಎಷ್ಟು ಮಾಹಿತಿ ಪಡೆಯಬೇಕು ಎಂಬುದೇ ಇಂತಹ ವ್ಯವಸ್ಥೆಯನ್ನು ಅಳೆಯುವ ಸರಿಯಾದ ಮಾನದಂಡ ಎಂದು ನನ್ನ ಅಭಿಪ್ರಾಯ.

ಆರಂಭದಲ್ಲಿ ಗುರುತಿನ ಚೀಟಿಯ ಫೋಟೊ ಅಪ್‌ಲೋಡ್ ಮಾಡಬೇಕಿತ್ತು. ಸಮುದಾಯಕ್ಕೆ ತಿಳಿಯಬೇಕಿದ್ದುದು ಈ ವ್ಯಕ್ತಿ ಅಧ್ಯಾಪಕರೇ ಅಲ್ಲವೇ ಎಂಬುದಷ್ಟೇ; ಅದಕ್ಕಾಗಿ ಜನ್ಮದಿನಾಂಕ, ವಿಳಾಸ, ಸಹಿ ಎಲ್ಲವನ್ನೂ ಒಪ್ಪಿಸಬೇಕಾಗುತ್ತಿತ್ತು. ಆ ಚಿತ್ರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ಬರೆದು ಕೇಳಿದಾಗ, ನಿಯಮಾನುಸಾರ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ.

ಸಂಸ್ಥೆಯ ಮೂಲಕ ಲಾಗಿನ್ ಆಗುವ ವ್ಯವಸ್ಥೆ ಬಂದ ಮೇಲೆ ಚಿತ್ರಣವೇ ಬದಲಾಯಿತು. 2005ರಲ್ಲಿ ರೂಪುಗೊಂಡ ಸ್ಯಾಮ್ಲ್ 2.0 ಮಾನದಂಡವನ್ನು (ಒಂದು ತಾಣ ದೃಢಪಡಿಸಿದ ಗುರುತನ್ನು ಇನ್ನೊಂದು ತಾಣಕ್ಕೆ ತಿಳಿಸುವ ಕ್ರಮ) ಆಧರಿಸಿದ ಈ ವಿಧಾನದಲ್ಲಿ, ನಾನು ಪಟ್ಟಿಯಿಂದ ನನ್ನ ಸಂಸ್ಥೆಯನ್ನು ಆಯ್ದ ಕೂಡಲೇ ಅದರದೇ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಕೊಡುವುದು ಅಲ್ಲಿಯೇ ಆದ್ದರಿಂದ ಅದು ಸಮುದಾಯದ ಕೈಗೆ ಎಂದೂ ಸಿಗುವುದಿಲ್ಲ. ಎಡುಗೇನ್‌ನಂತಹ ಜಾಲಗಳು ಬೇರೆ ಬೇರೆ ದೇಶಗಳ ಶಿಕ್ಷಣ ಸಂಸ್ಥೆಗಳನ್ನು ಇದೇ ಬಗೆಯಲ್ಲಿ ಬೆಸೆದಿವೆ. ಮೊದಲ ಲಾಗಿನ್‌ನಲ್ಲಿ ನನ್ನ ಸಂಸ್ಥೆ ಒಂದು ಒಪ್ಪಿಗೆಯ ಪುಟವನ್ನು ತೋರಿಸಿತು: ಹೆಸರು, ಇಮೇಲ್, ಬೋಧಕವರ್ಗ ಎಂಬ ಮೂರು ಸಾಲುಗಳು, ಕೆಳಗೆ ಸಮ್ಮತಿಯ ಗುಂಡಿ. ಯಾವ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಳುಹಿಸುವ ಮುನ್ನವೇ ಕಣ್ಣಾರೆ ನೋಡಲು ಸಾಧ್ಯವಾದದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಎರಡನೆಯ ಹಂತದ ತಪಾಸಣೆಗೆ ಮೊದಲು ಎಸ್‌ಎಂಎಸ್ ಒಟಿಪಿ ಇತ್ತು. ನಮ್ಮ ಸಂಖ್ಯೆಯನ್ನು ಮೋಸದಿಂದ ಬೇರೆ ಸಿಮ್‌ಗೆ ವರ್ಗಾಯಿಸಿಕೊಂಡವರಿಗೆ ಆ ಒಟಿಪಿಯೂ ಸಿಗುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿಯೇ ಎಸ್‌ಎಂಎಸ್ ವಿಧಾನವನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತ್ತು. ಈಗ ಅದರ ಬದಲು ಅಥೆಂಟಿಕೇಟರ್ ಆ್ಯಪ್ ಇದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಿಗುವ ರಹಸ್ಯ ಕೀಲಿಯನ್ನೂ ಆ ಕ್ಷಣದ ಸಮಯವನ್ನೂ ಸೇರಿಸಿ ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ 6 ಅಂಕಿಗಳ ಹೊಸ ಸಂಖ್ಯೆಯನ್ನು ಕೊಡುತ್ತದೆ, ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಆದರೆ ಫೋನಿನ ಗಡಿಯಾರ ಕೆಲವು ನಿಮಿಷ ಹಿಂದೆ ಮುಂದೆ ಆಗಿದ್ದರೆ, ತೆರೆಯ ಮೇಲಿನ ಸಂಖ್ಯೆಯನ್ನು ಯಥಾವತ್ತಾಗಿ ಕೊಟ್ಟರೂ ಲಾಗಿನ್ ಆಗುವುದಿಲ್ಲ. ಸಹಾಯ ಪುಟದಲ್ಲಿ ಈ ಮಾತು ಎಲ್ಲಿಯೂ ಇಲ್ಲ. ಹೊಸ ಸದಸ್ಯರು ಫೋನಿನ ಸಮಯವನ್ನು ಸ್ವಯಂಚಾಲಿತವಾಗಿ ಇರಿಸಿಕೊಳ್ಳುವುದು ಒಳಿತು.

ಇತ್ತೀಚೆಗೆ ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ಫೋನಿನಲ್ಲಿರುವ ಡಿಜಿಟಲ್ ಕೀಲಿಯಿಂದ ಲಾಗಿನ್ ಆಗುವ ಸೌಲಭ್ಯವೂ ಸೇರಿದೆ, ನಾನು ಈಗ ಬಳಸುವುದು ಅದನ್ನೇ. ಆ್ಯಪ್‌ನ ಸಂಖ್ಯೆಯನ್ನು ನಕಲಿ ಪುಟದಲ್ಲಿ ಟೈಪ್ ಮಾಡಿದರೆ ವಂಚಕರು ಆ ಕ್ಷಣವೇ ಅದನ್ನು ಅಸಲಿ ತಾಣದಲ್ಲಿ ಬಳಸಬಹುದು. ಪಾಸ್‌ಕೀ ತಾನು ನೋಂದಾಯಿತವಾದ ತಾಣದ ವಿಳಾಸಕ್ಕೆ ಮಾತ್ರ ಸ್ಪಂದಿಸುವುದರಿಂದ ನಕಲಿ ಪುಟದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಬೆರಳಚ್ಚು ಕೊಟ್ಟರೂ ಅದು ಫೋನಿನಿಂದ ಹೊರಗೆ ಹೋಗದು.

ಖಾತೆಯನ್ನು ಮರಳಿ ಪಡೆಯುವ ವಿಧಾನ ಮಾತ್ರ ತೀರಾ ನಿರಾಶಾದಾಯಕ. ಸಹೋದ್ಯೋಗಿಯೊಬ್ಬರ ಫೋನ್ ಕಳೆದುಹೋದಾಗ, ಅವರಲ್ಲಿ ರಿಕವರಿ ಕೋಡ್‌ಗಳು (ಫೋನ್ ಇಲ್ಲದಾಗ ಖಾತೆ ತೆರೆಯಲು ಮೊದಲೇ ಕೊಟ್ಟಿರುವ ಸಂಕೇತಗಳು) ಇರಲಿಲ್ಲವೆಂಬ ಕಾರಣಕ್ಕೆ, ಸಹಾಯ ವಿಭಾಗ ಮತ್ತೆ ಗುರುತಿನ ಚೀಟಿಯ ಫೋಟೊವನ್ನೇ ಕೇಳಿತು. ಮುಂಬಾಗಿಲಿನಲ್ಲಿ ಕೈಬಿಟ್ಟ ಪದ್ಧತಿಯನ್ನು ಹಿಂಬಾಗಿಲಿನಲ್ಲಿ ಉಳಿಸಿಕೊಂಡಿರುವುದು ಸರಿಯಲ್ಲ, ಏಕೆಂದರೆ ಖಾತೆ ಕದಿಯಲು ಬರುವವರು ಹುಡುಕುವುದು ಇಂತಹ ದುರ್ಬಲ ದಾರಿಯನ್ನೇ. ಕೋಡ್‌ಗಳನ್ನು ಮುದ್ರಿಸಿ ಕಾಗದದಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಸಂಸ್ಥೆಯ ಲಾಗಿನ್ ರದ್ದಾದ ಕೂಡಲೇ ಪ್ರವೇಶವೂ ನಿಲ್ಲುತ್ತದೆ. ಭದ್ರತೆಯ ದೃಷ್ಟಿಯಿಂದ ಅದು ಸರಿ, ಆದರೆ ದಶಕಗಳ ಕಾಲ ಪಾಠ ಮಾಡಿ ನಿವೃತ್ತರಾದವರೂ ಯಾವ ಸಂಸ್ಥೆಗೂ ಸೇರದೆ ಸ್ವಂತವಾಗಿ ಓದುವವರೂ ಇದರಿಂದ ಹೊರಗೇ ಉಳಿಯುತ್ತಾರೆ. ಇಬ್ಬರು ಸದಸ್ಯರ ಶಿಫಾರಸಿನ ಮೇಲೆ, ಮೌಲ್ಯಮಾಪನದ ವಿಭಾಗವನ್ನು ಹೊರತುಪಡಿಸಿ, ಉಳಿದೆಡೆ ಅವರಿಗೆ ಪ್ರವೇಶ ಕೊಡಬಹುದು. ಈ ಸಲಹೆಯನ್ನು ನಿರ್ವಾಹಕರಿಗೆ ಲಿಖಿತವಾಗಿ ಕಳುಹಿಸಿದ್ದೇನೆ. ನಿವೃತ್ತಿ ಹತ್ತಿರವಿರುವ ಸದಸ್ಯರು ಅಲ್ಲಿಯವರೆಗೆ ಕಾಯದೆ, ತಾವು ಹಂಚಿಕೊಂಡ ಪಾಠಗಳ ಪ್ರತಿಯನ್ನು ಈಗಲೇ ಇಳಿಸಿಕೊಳ್ಳಬೇಕು.