ಅಲಾರಂ ಇರೋ ಡಿಸ್ಕ್ ಲಾಕ್: 3 ವರ್ಷ ಬಳಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ನಾನು ಈ ಲಾಕ್ ತಗೊಂಡಿದ್ದೇ ಒಂದು ಬೈಕ್ ಕಳ್ಕೊಂಡ ಮೇಲೆ. ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆ ಮನೆ, ಕಾಂಪೌಂಡ್ ಒಳಗೆ ಓನರ್ ಕಾರ್ ಬಿಟ್ರೆ ಸೈಕಲ್ಲೂ ಹಿಡಿಯಲ್ಲ, ನಮ್ ಗಾಡಿಗಳೆಲ್ಲ ರಸ್ತೆ ಮೇಲೇ. ಒಂದಿನ ಬೆಳಿಗ್ಗೆ ಇಳಿದು ನೋಡಿದ್ರೆ ನನ್ನ 100 ಸಿಸಿ ಗಾಡಿ ನಿಂತಿದ್ದ ಜಾಗದಲ್ಲಿ ಎರಡು ತೊಟ್ಟು ಆಯಿಲ್ ಬಿಟ್ರೆ ಏನೂ ಇಲ್ಲ. ಹ್ಯಾಂಡಲ್ ಲಾಕ್ ಹಾಕಿದ್ದೆ ಸಾರ್ ಅಂತ ಸ್ಟೇಷನ್ನಲ್ಲಿ ಹೇಳಿದ್ರೆ ಅಲ್ಲಿದ್ದೋರು "ಕಾಲಲ್ಲಿ ಜೋರಾಗ್ ಒದ್ರೆ ಲಟಕ್ ಅನ್ನುತ್ತೆ ಕಣಪ್ಪಾ, ಅದನ್ನೇ ನಂಬ್ಕೊಂಡಿದ್ಯಾ" ಅಂದ್ರು.

ಅದಕ್ಕಿಂತ ಹೊಟ್ಟೆ ಉರಿದಿದ್ದು ಇನ್ಶೂರೆನ್ಸ್ ವಿಷಯಕ್ಕೆ. 2018ರ ಸೆಪ್ಟೆಂಬರ್‌ನಿಂದ ಹೊಸ ಟೂ ವೀಲರ್‌ಗೆ 5 ವರ್ಷದ ಥರ್ಡ್ ಪಾರ್ಟಿ (ನಮ್ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ ಕೊಡೋ ವಿಮೆ) ಕಡ್ಡಾಯ ಅಲ್ವಾ, ನಾನು ಪೇಪರ್ ಮೇಲೆ 5 ವರ್ಷ ಅಂತ ನೋಡಿ ಆರಾಮಾಗಿದ್ದೆ. ಆದ್ರೆ ಕಳುವಾದ್ರೆ ದುಡ್ಡು ಕೊಡೋದು ಓನ್ ಡ್ಯಾಮೇಜ್ ಭಾಗ, ಅದು ನಂದು ಒಂದೇ ವರ್ಷದ್ದಾಗಿತ್ತು, ಯಾವಾಗ್ಲೋ ಮುಗಿದೋಗಿತ್ತು. ಎಫ್‌ಐಆರ್ ಆಯ್ತು, ಕೊನೆಗೆ ಗಾಡಿ ಪತ್ತೆ ಆಗ್ಲಿಲ್ಲ ಅಂತ ಸಿ ರಿಪೋರ್ಟೂ ಆಯ್ತು, ಕೈಗೆ ಬಂದಿದ್ದು ಸೊನ್ನೆ. ನಿಮ್ ಪಾಲಿಸಿ ಈಗಲೇ ತೆಗೆದು ನೋಡಿ, ವಿಮರ್ಶೆ ಆಮೇಲೆ ಓದ್ಬೋದು. ಹಾಗೇ ಎರಡನೇ ಕೀ ಎಲ್ಲಿದೆ ಅಂತಾನೂ ಹುಡುಕಿಟ್ಕೊಳಿ, ಕ್ಲೈಮ್ ಮಾಡುವಾಗ ಎರಡೂ ಕೇಳ್ತಾರೆ.

ಆಮೇಲೆ ಒಂದು 150 ಸಿಸಿ ತಗೊಂಡೆ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು, ಅದಕ್ಕೇ 1,100 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಈ ಲಾಕ್ ತರಿಸಿದೆ. ಹಳದಿ ಬಣ್ಣ, ಮುಷ್ಟಿಯಷ್ಟು ಗಾತ್ರ, ಡಿಸ್ಕ್‌ನ ತೂತಿಗೆ ಪಿನ್ ಕೂರಿಸಿ ಮೇಲಿಂದ ಒತ್ತಿದ್ರೆ ಲಾಕು. ಒಳಗೆ ಆರು ಎಲ್‌ಆರ್44 ಸೆಲ್, ವಾಚ್ ಅಂಗಡೀಲಿ ಸಿಗುತ್ತಲ್ಲ ಬಟನ್ ಥರದ್ದು, ಅವೇ. ಗಾಡಿ ಅಲ್ಲಾಡಿದ್ರೆ ಮೊದಲು ಎರಡು ಸಲ ಪೀಂ ಪೀಂ ಅನ್ನುತ್ತೆ, ಆಮೇಲೂ ಅಲ್ಲಾಡಿಸಿದ್ರೆ ಹತ್ತು ಸೆಕೆಂಡು ಕಿವಿ ಕಿತ್ತೋಗೋ ಹಾಗೆ ಕಿರುಚುತ್ತೆ.

ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ಕಳ್ಳನಿಗಷ್ಟೇ ಅಲ್ಲ, ಕಸದ ಆಟೋಗೂ ಕಿರುಚುತ್ತೆ, ಗೋಲಿ ಗಾತ್ರದ ಮಳೆ ಹನಿಗೂ ಕಿರುಚುತ್ತೆ, ಸೀಟ್ ಮೇಲೆ ಮಲಗೋಕೆ ಹಾರೋ ನಮ್ ಬೀದಿ ಕರಿಯ ನಾಯಿಗಂತೂ ದಿನಾ. ಮೊದಲ ತಿಂಗಳು ಓನರ್ ಆಂಟಿ "ಏನಪ್ಪಾ, ನಿನ್ ಗಾಡಿ ರಾತ್ರಿಯೆಲ್ಲ ಬೊಗಳುತ್ತಲ್ಲೋ" ಅಂತ ಮೂರು ಸಲ ಹೇಳಿದ್ರು. ಎರಡನೇ ತಿಂಗಳಿಂದ ಯಾರೂ ಏನೂ ಹೇಳ್ಲಿಲ್ಲ, ಯಾಕಂದ್ರೆ ಎಲ್ರಿಗೂ ಅಭ್ಯಾಸ ಆಗಿತ್ತು, ಅದೇ ನಿಜವಾದ ತೊಂದರೆ.

ಇನ್ನೊಂದು, ಲಾಕ್ ಇದೆ ಅಂತ ಮರೆತು ಗಾಡಿ ಎತ್ತೋದು. ನಾನು ಒಂದ್ಸಲ ಮಾಡಿದೀನಿ, ಟೀ ಅಂಗಡಿ ಮುಂದೆ, ಹತ್ತು ಜನರ ಎದುರಿಗೆ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ, ಅರ್ಧ ಅಡಿ ಹೋಗಿ ಲಾಕು, ಡಿಸ್ಕ್ ಹಿಡಿಯೋ ಬ್ರೇಕ್ ಕ್ಯಾಲಿಪರ್‌ಗೆ ಹೊಡೀತು, ಗಾಡಿ ಸಮೇತ ಮಗುಚ್ಕೊಂಡೆ. ಇಂಡಿಕೇಟರ್ ಒಂದು, ಲಿವರ್ ಒಂದು, ಮರ್ಯಾದೆ ಪೂರ್ತಿ. ಲಾಕಿಂದ ಹ್ಯಾಂಡಲ್‌ಗೆ ಹಾಕೋ ಸುರುಳಿ ವೈರ್ ಡಬ್ಬದಲ್ಲೇ ಕೊಟ್ಟಿರ್ತಾರೆ, ನೋಡೋಕೆ ಚೆನ್ನಾಗಿಲ್ಲ ಅಂತ ಬಿಸಾಕ್ಬೇಡಿ, ಅದು ನೆನಪಿಸೋಕೇ ಇರೋದು.

ಈಗ ಆ ರಾತ್ರಿ ಕಥೆ. ಹೋದ ವರ್ಷ, ಎರಡೂ ಮುಕ್ಕಾಲು ಇರ್ಬೋದು, ಅಲಾರಂ ಹೊಡ್ಕೊಂಡಾಗ ನಾನು ಕರಿಯ ಅಂತ್ಲೇ ಮಗ್ಗುಲು ಬದಲಾಯಿಸಿದೆ. ಮತ್ತೆ ಹೊಡೀತು, ನಿಲ್ಲಲೇ ಇಲ್ಲ. ಬಾಲ್ಕನಿಗೆ ಬಂದ್ರೆ ಇಬ್ಬರು, ಒಬ್ಬ ನನ್ ಗಾಡಿ ಮೇಲೆ ಕೂತಿದಾನೆ, ಇನ್ನೊಬ್ಬ ಹಿಂದೆ ಇನ್ನೊಂದು ಬೈಕಲ್ಲಿ ಕೂತು ಕಾಲು ಕೊಟ್ಟು ತಳ್ತಿದಾನೆ. ಇಂಜಿನ್ ಸ್ಟಾರ್ಟ್ ಮಾಡದೇ ಹಾಗೇ ತಳ್ಕೊಂಡು ಹೋಗೋದು ಅವರ ಲೆಕ್ಕ, ಆದ್ರೆ ಮುಂದಿನ ಚಕ್ರ ತಿರುಗ್ತಿಲ್ಲ. "ಏಯ್ ಯಾರೋ ಅದು" ಅಂದೆ, ಗಂಟಲಿಂದ ಅರ್ಧನೇ ಬಂತು, ಅಷ್ಟಕ್ಕೇ ಗಾಡಿ ಬಿಟ್ಟು ಓಡಿದ್ರು. 112ಗೆ ಫೋನ್ ಮಾಡಿದೆ, ಬಂದು ನೋಡ್ಕೊಂಡ್ ಹೋದ್ರು. ಹ್ಯಾಂಡಲ್ ಲಾಕ್ ಮುರಿದಿತ್ತು, ಇಗ್ನಿಷನ್ ವೈರ್ ಎಳೆದಾಗಿತ್ತು, ಡಿಸ್ಕ್ ಲಾಕ್ ಮೇಲೆ ಒಂದು ಗೀರು ಅಷ್ಟೇ. ಹಗಲಾಗಿದ್ರೆ, ಜನ ಎಲ್ಲ ಕೆಲಸಕ್ಕೆ ಹೋಗಿದ್ರೆ ಏನಾಗ್ತಿತ್ತೋ, ಗೂಡ್ಸ್ ಆಟೋ ತಂದು ಇಬ್ಬರು ಎತ್ತಿ ಹಾಕ್ಕೊಂಡ್ರೆ ಯಾವ ಡಿಸ್ಕ್ ಲಾಕೂ ಏನ್ ಮಾಡಲ್ಲ. ಮೂರು ವಾರ ಆದ್ಮೇಲೆ ನಾಲ್ಕು ಮನೆ ಆಚೆ ಒಂದು ಗಾಡಿ ಹೋಯ್ತು, ಅದಕ್ಕೆ ಹ್ಯಾಂಡಲ್ ಲಾಕ್ ಮಾತ್ರ ಇತ್ತು. ಅವರ ಮುಖ ನೋಡೋಕೆ ನನಗೇ ಒಂಥರಾ ಆಗುತ್ತೆ.

ಅವತ್ತಿಂದ ಹಿಂದಿನ ಚಕ್ರದಿಂದ ಗೇಟ್ ಕಂಬಕ್ಕೆ ಚೈನೂ ಹಾಕ್ತೀನಿ. ಚೈನ್ ನೆಲಕ್ಕೆ ತಾಗಬಾರದು, ನೆಲಕ್ಕಿಟ್ಟು ಸುತ್ತಿಗೆಯಲ್ಲಿ ಹೊಡೆಯೋದು ಸುಲಭ. ಮೆಕ್ಯಾನಿಕ್ ಸೀಟ್ ಕೆಳಗೆ ಒಂದು ಕಳ್ಳ ಸ್ವಿಚ್ಚೂ ಕೂರಿಸಿಕೊಟ್ಟ, ಅದನ್ನ ಆಫ್ ಮಾಡಿಟ್ರೆ ಗಾಡಿ ಸ್ಟಾರ್ಟ್ ಆಗಲ್ಲ, ಆದ್ರೆ ವಾರಂಟಿ ಇರೋ ಗಾಡಿಗೆ ವೈರ್ ಕತ್ತರಿಸೋ ಮುಂಚೆ ಯೋಚನೆ ಮಾಡಿ. ಫ್ರೆಂಡ್ ಒಬ್ಬ ಜಿಪಿಎಸ್ ಹಾಕಿಸಿದಾನೆ, ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದ್ರೆ ಬ್ಯಾಟರಿ ಇಳಿದಿರುತ್ತೆ, ಬೇಸ್‌ಮೆಂಟ್‌ನಲ್ಲಿ ಸಿಗ್ನಲ್ಲೂ ಸಿಗಲ್ಲ.

ಲಾಕ್‌ನ ಈಗಿನ ಸ್ಥಿತಿ ಹೇಳ್ತೀನಿ. ಹಳದಿ ಪೇಂಟ್ ಅರ್ಧ ಹೋಗಿದೆ. ಎರಡನೇ ಮಳೆಗಾಲಕ್ಕೆ ಕೀ ತಿರುಗೋದು ಬಿಗಿ ಆಯ್ತು, ನಾನು ಬುದ್ಧಿವಂತ ಕೊಬ್ಬರಿ ಎಣ್ಣೆ ಬಿಟ್ಟೆ, ಧೂಳು ಸೇರಿ ಅಂಟಾಗಿ ಕೂತುಬಿಡ್ತು. ಬೀಗದ ಕೀ ಮಾಡೋರ ಹತ್ರ ತೊಳೆಸಿದ್ಮೇಲೆ ಅವರು ಹೇಳ್ಕೊಟ್ಟಿದ್ದು, ಪೆನ್ಸಿಲ್ ಮೊನೆ ಕೆರೆದು ಆ ಪುಡಿ ಹಾಕು ಅಂತ. ಅದಾದ್ಮೇಲೆ ಸರಿ ಇದೆ. ಸೆಲ್ ಏಳೆಂಟು ತಿಂಗಳಿಗೆ ಒಂದ್ಸಲ ಬದಲಾಯಿಸ್ಬೇಕು, ಕರಿಯನ ಕೃಪೆ ಇದ್ರೆ ಇನ್ನೂ ಬೇಗ. ಐದಕ್ಕೆ ಮೂರೂವರೆ ಕೊಡ್ತೀನಿ, ಒಂದು ಮಾರ್ಕ್ ಕಟ್ ಆಗಿದ್ದು ಆ ಟೀ ಅಂಗಡಿಗೆ, ಅದು ಲಾಕ್ ತಪ್ಪಲ್ಲ, ಆದ್ರೂ. ನಿನ್ನೆಯಿಂದ ಅಲಾರಂ ದನಿ ನಾಯಿಮರಿ ಥರ ಕುಂಯ್ ಅಂತಿದೆ, ಇವತ್ತು ಸಂಜೆ ವಾಚ್ ಅಂಗಡಿ ಕಡೆ ಹೋಗ್ಬೇಕು.