ಅಗಲ ಟೈರು, ಸಣ್ಣ ಟೈರು: ಜೇವರ್ಗಿಯ ರಾಡಿಯಲ್ಲಿ ಎರಡು ಮಳೆಗಾಲ

ನನ್ನ ಮಾರುತಿ ಜಿಮ್ನಿಗೆ ಅಲಾಯ್ ಡಿಸ್ಕು, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ಮು, ಅದರ ಮೇಲೆ ಅಗಲ ಟೈರು ಹಾಕಿದ್ದಾಗ ಗಾಡಿ ಚೆಂದ ಕಾಣುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿದರೆ ಹುಡುಗರು ಪಕ್ಕಕ್ಕೆ ಬಂದು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈಗ ಅದೇ ಜಿಮ್ನಿಗೆ ಕರಿ ಬಣ್ಣದ ಕಬ್ಬಿಣದ ಡಿಸ್ಕು, ಅದರ ಮೇಲೆ ಕಂಪನಿ ಅಳತೆಯ ಸಣ್ಣ ಟೈರು. ಫೋಟೋದವರು ನಾಪತ್ತೆ. ಪಕ್ಕದ ಮನೆಯವರು ಮೆಲ್ಲಗೆ ಕೇಳಿದರು, "ಅಲಾಯ್ ಮಾರಿದ್ರೇನ್ರಿ? ಏನಾರ ತ್ರಾಸ್ ಅದ ಏನ್?"

ತ್ರಾಸು ಇತ್ತು. ದುಡ್ಡಿನದ್ದಲ್ಲ, ರಾಡಿಯದ್ದು.

ನಮ್ಮ ಹೊಲ ಇರುವುದು ಜೇವರ್ಗಿ ತಾಲ್ಲೂಕಿನಲ್ಲಿ. ಡಾಂಬರು ರಸ್ತೆ ಬಿಟ್ಟ ಮೇಲೆ ನಾಲ್ಕು ಕಿಲೋಮೀಟರ್ ಹೋಗಬೇಕು. ಮೊದಲ ಮೂರು ಕಿಲೋಮೀಟರ್ ಯಾವಾಗಲೋ ಗರಸು ಹಾಕಿದ ದಾರಿ. ಮೇಲೆ ಎರೆ ಮಣ್ಣು ಬಂದು ಕೂತಿದೆ, ಕೆಳಗೆ ಗಟ್ಟಿ ಇದೆ. ಕೊನೆಯ ಒಂದು ಕಿಲೋಮೀಟರ್ ಚಕ್ಕಡಿ ದಾರಿ, ಅಪ್ಪಟ ಎರೆ. ಸೆಪ್ಟೆಂಬರ್ ಮಳೆ ಹಿಡಿದರೆ ಅಲ್ಲಿ ಚಪ್ಪಲಿ ಹಾಕಿಕೊಂಡು ನಡೆದವನು ಬರಿಗಾಲಲ್ಲಿ ವಾಪಸ್ ಬರುತ್ತಾನೆ.

ಗಾಡಿ ತಗೊಂಡಿದ್ದು 2023ರ ಕೊನೆಗೆ. 2024ರ ಮಳೆಗಾಲ ಪೂರ್ತಿ ಅಗಲ ಟೈರಿನಲ್ಲಿ ಓಡಿಸಿದೆ, 2025ರದ್ದು ಸಣ್ಣ ಟೈರಿನಲ್ಲಿ. ಅಗಲದ್ದು 235/75 ಆರ್15 (ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ), ಹೊರಗಡೆ ಕೊಂಡ ಏಳಿಂಚು ಅಗಲದ ಅಲಾಯ್ ಮೇಲೆ. ಸಣ್ಣದ್ದು ಕಂಪನಿಯದೇ ಅಳತೆ, 195/80 ಆರ್15. ಡಿಸ್ಕು ಐದೂವರೆ ಇಂಚಿನದು. ಜಿಮ್ನಿಯ ಕೆಳಗಿನ ಮಾಡೆಲ್ ಝೀಟಾಗೆ ಬರುವ ಕಬ್ಬಿಣದ ಡಿಸ್ಕೇ ಅದು. ನನ್ನದು ಆಲ್ಫಾ, ಅಲಾಯ್ ಹಾಕಿಯೇ ಬಂದಿತ್ತು. ಜಾಸ್ತಿ ದುಡ್ಡು ಕೊಟ್ಟು ಮೇಲಿನ ಮಾಡೆಲ್ ತಗೊಂಡು, ಆಮೇಲೆ ಕೆಳಗಿನ ಮಾಡೆಲ್‌ನ ಚಕ್ರ ಹುಡುಕಿಕೊಂಡು ಅಲೆದವನು ನಾನು. ಎರಡೂ ಸೆಟ್‌ಗೆ ಆಲ್ ಟೆರೇನ್, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವ ಟೈರುಗಳೇ. ಸಣ್ಣ ಅಳತೆಯಲ್ಲಿ ಅವು ಇಲ್ಲಿ ಸಿಗದೆ ಹೈದರಾಬಾದಿನಿಂದ ತರಿಸಬೇಕಾಯಿತು.

ಇನ್ನೊಂದು ಮಾತು. ಅಗಲ ಟೈರು ಬರೀ ಅಗಲ ಅಲ್ಲ, ಎತ್ತರವೂ ಹೌದು. ಸಣ್ಣದರ ಎತ್ತರ 693 ಮಿಲಿಮೀಟರ್, ಅಗಲದ್ದು 733. ಅಂದರೆ ಗಾಡಿ ನೆಲದಿಂದ ಎರಡು ಸೆಂಟಿಮೀಟರ್ ಮೇಲೇಳುತ್ತದೆ. ಒಡ್ಡು ದಾಟುವಾಗ ಆ ಎರಡು ಸೆಂಟಿಮೀಟರಿಗೆ ಬೆಲೆ ಇದೆ. ಸಣ್ಣ ಟೈರಿನಲ್ಲಿ ಅದನ್ನು ಕಳೆದುಕೊಂಡೆ, ಒಂದೆರಡು ಕಡೆ ಹೊಟ್ಟೆ ತಾಗಿತು ಕೂಡ.

ಈಗ ರಾಡಿ.

2024ರಲ್ಲಿ ಮೊದಲ ದೊಡ್ಡ ಮಳೆ ಆದ ಮರುದಿನ ಹೊಲಕ್ಕೆ ಹೊರಟೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ಹೈ ಹಾಕಿ, ಹವಾ 18 ಪಿಎಸ್ಐಗೆ ಇಳಿಸಿ, ದೊಡ್ಡ ಧೈರ್ಯದಲ್ಲಿ. ಗರಸಿನ ದಾರಿಯಲ್ಲೇ ಗಾಡಿ ಅತ್ತಿತ್ತ ಜಾರತೊಡಗಿತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಗಾಡಿ ನೇರ ಹೋಗುತ್ತಿತ್ತು. ಟೈರು ಮೇಲಿನ ರಾಡಿಯ ಮೇಲೆ ತೇಲುತ್ತಿತ್ತೇ ಹೊರತು ಕೆಳಗಿನ ಗಟ್ಟಿ ನೆಲ ಮುಟ್ಟುತ್ತಲೇ ಇರಲಿಲ್ಲ. ಚಕ್ಕಡಿ ದಾರಿಗೆ ಬಂದ ಮೇಲೆ ಇನ್ನೊಂದು ಕಥೆ ಶುರುವಾಯಿತು. ನಮ್ಮ ಎರೆ ಮಣ್ಣು ಟೈರಿಗೆ ಅಂಟಿದರೆ ಬಿಡುವ ಜಾತಿಯದ್ದಲ್ಲ. ಒಂದು ಸುತ್ತಿಗೆ ಒಂದು ಪದರ, ಇನ್ನೊಂದು ಸುತ್ತಿಗೆ ಇನ್ನೊಂದು. ಟೈರು, ಮಡ್‌ಗಾರ್ಡ್ ನಡುವೆ ಮೊದಲೇ ಜಾಗ ಇರಲಿಲ್ಲ. ಸ್ಪ್ರಿಂಗ್ ಬದಲಿಸಿ ಗಾಡಿ ಎತ್ತರಿಸುವ ಲಿಫ್ಟ್ ಮಾಡಿಸಿರಲಿಲ್ಲ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತದೆ ಅಂತ ಅದನ್ನೂ ಕೊಯ್ಸಿದ್ದೆ. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಸಂದು ತುಂಬಿತು. ಮುಂದಿನ ಎರಡು ಚಕ್ರ ತಿರುಗುವುದೇ ನಿಂತಿತು. ಇಂಜಿನ್ ಕೂಗುತ್ತಿದೆ, ಗಾಡಿ ನಿಂತಿದೆ. ರಾಡಿಯಲ್ಲಿ ಹೂತಿದ್ದಲ್ಲ. ರಾಡಿಯೇ ಬ್ರೇಕ್ ಹಿಡಿದದ್ದು.

ಪಕ್ಕದ ಹೊಲದ ಕಾಕಾ ಟ್ರ್ಯಾಕ್ಟರ್ ತಂದು ಎಳೆದರು. ಹಗ್ಗ ಬಿಚ್ಚುತ್ತಾ ನನ್ನ ಟೈರನ್ನು ಒಮ್ಮೆ ನೋಡಿದರು. "ತಮ್ಮಾ, ಎಷ್ಟ್ ಅಗಲ ಇದ್ರ ಅಷ್ಟ್ ಮಣ್ಣ್ ಹೊರ್ತದ ಅದು. ನಮ್ಮ ಟ್ರ್ಯಾಕ್ಟರ್ ಮುಂದಿನ ಗಾಲಿ ನೋಡು" ಅಂದರು. ನೋಡಿದೆ. 6.00-16, ಅಂದರೆ ಆರಿಂಚು ಅಗಲ, ನನ್ನ ಟೈರಿನ ಮುಕ್ಕಾಲು ಅಗಲವೂ ಇಲ್ಲ. ಹಳೇ ವಿಲ್ಲಿಸ್ ಜೀಪಿಗೆ, ಆಮೇಲೆ ನಮ್ಮಲ್ಲಿ ಓಡಿದ ಮಹೀಂದ್ರಾ ಜೀಪುಗಳಿಗೆ ಇದ್ದದ್ದೂ ಅದೇ 6.00-16. ಅಷ್ಟು ವರ್ಷ ಕಣ್ಣೆದುರಿಗೇ ಇತ್ತು, ತಲೆಗೆ ಹೋಗಿರಲಿಲ್ಲ.

ಅಗಲ ಟೈರು ನೆಲಕ್ಕೆ ಜಾಸ್ತಿ ತಾಗುತ್ತದೆ, ಅದಕ್ಕೇ ಹಿಡಿತ ಜಾಸ್ತಿ ಅಂತ ನಾನೂ ನಂಬಿದ್ದೆ. ಒಂದು ಲೆಕ್ಕ ಹಾಕಿ ನೋಡಿ. ಖಾಲಿ ಗಾಡಿ ಸುಮಾರು 1200 ಕೆಜಿ, ಒಂದು ಚಕ್ರದ ಮೇಲೆ 300. ಹವಾ 28 ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಎರಡು ಕೆಜಿ ಹತ್ತಿರ. ಭಾಗಿಸಿದರೆ ಟೈರು ನೆಲಕ್ಕೆ ತಾಗುವ ಜಾಗ 150 ಚದರ ಸೆಂಟಿಮೀಟರ್, ಪೋಸ್ಟ್ ಕಾರ್ಡಿಗಿಂತ ತುಸು ದೊಡ್ಡದು. ಟೈರು ಅಗಲ ಇರಲಿ, ಸಣ್ಣ ಇರಲಿ, ಹವಾ ಅಷ್ಟೇ ಇದ್ದರೆ ಈ ಕಾರ್ಡು ಹೆಚ್ಚುಕಡಿಮೆ ಅಷ್ಟೇ. ಸಣ್ಣ ಟೈರು ಅದನ್ನು ಉದ್ದಕ್ಕೆ ಹಾಸುತ್ತದೆ, ಅಗಲ ಟೈರು ಅಡ್ಡಕ್ಕೆ ಹಾಸುತ್ತದೆ. ಉದ್ದಕ್ಕೆ ಹಾಸಿದ್ದು ರಾಡಿಯನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಅಡ್ಡಕ್ಕೆ ಹಾಸಿದ್ದು ರಾಡಿಯನ್ನು ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ, ಅದಕ್ಕೆ ಇಂಜಿನ್ ಶಕ್ತಿ ದಂಡ. ದೊಡ್ಡ ಕಾರ್ಡು ಬೇಕೇ? ಹವಾ ಇಳಿಸಿ. 16ಕ್ಕೆ ಇಳಿಸಿದರೆ ಅದೇ ಸಣ್ಣ ಟೈರಿನಲ್ಲಿ ಜಾಗ 260 ದಾಟುತ್ತದೆ.

2025ರಲ್ಲಿ ಅದೇ ದಾರಿ, ಸಣ್ಣ ಟೈರು. ಗರಸಿನ ಮೂರು ಕಿಲೋಮೀಟರ್‌ನಲ್ಲಿ ಎಷ್ಟು ವ್ಯತ್ಯಾಸ ಅಂದರೆ, ಮಳೆ ಕಡಿಮೆ ಆಗಿರಬೇಕು ಅಂದುಕೊಂಡು ಇಳಿದು ಕಾಲಿಟ್ಟು ನೋಡಿದೆ. ಪಾದ ಮುಳುಗುವಷ್ಟು ರಾಡಿ ಇತ್ತು. ಟೈರು ಅದನ್ನು ಸೀಳಿ ಕೆಳಗಿನ ಗರಸನ್ನು ಕಚ್ಚಿಕೊಂಡು ಬರುತ್ತಿತ್ತು. ತಿರುಗಿಸಿದ ಕಡೆ ತಿರುಗುತ್ತಿತ್ತು. ಚಕ್ಕಡಿ ದಾರಿಯಲ್ಲೂ ಮಣ್ಣು ಅಂಟಿತು. ಆದರೆ ಮಡ್‌ಗಾರ್ಡ್ ಒಳಗೆ ಎರಡೂ ಕಡೆ ಜಾಗ ಇದ್ದದ್ದರಿಂದ ಉಂಡೆ ಉಂಡೆಯಾಗಿ ಉದುರಿತು. ಹೊಲದ ಬೇವಿನ ಮರದ ತನಕ ಹೋದೆ.

ಅಲ್ಲಿಂದ ಮುಂದೆ ಹೋಗಿದ್ದು ದುರಹಂಕಾರ. ಕಳೆ ತೆಗೆಸಿದ್ದ ತೊಗರಿ ಹೊಲದ ಅಂಚಿಗೆ ಗಾಡಿ ಇಳಿಸಿದೆ. ಉತ್ತ ಎರೆ ಹೊಲಕ್ಕೆ ತಳವೇ ಇಲ್ಲ. ಸೀಳಿಕೊಂಡು ಹೋದರೆ ಗಟ್ಟಿ ಸಿಗಬೇಕಲ್ವಾ, ಸಿಗಲಿಲ್ಲ. ಗಾಡಿ ಆಕ್ಸಲ್ ತನಕ ಕೂತಿತು. ಇಲ್ಲಿ ಅಗಲ ಟೈರೇ ವಾಸಿ ಅನ್ನಬೇಕು, ಹಿಂದಿನ ವರ್ಷ ಇದೇ ಅಂಚಿನಲ್ಲಿ ಐವತ್ತು ಮೀಟರ್ ತೇಲಿಕೊಂಡು ಹೋಗಿತ್ತು. ಆಮೇಲೆ ಮಣ್ಣು ತುಂಬಿ ನಿಂತಿತು, ಅದು ಬೇರೆ ಮಾತು. ಈ ಸಲವೂ ಎಳೆದದ್ದು ಅದೇ ಕಾಕಾ. ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಡಿಸ್ಕು. ನನ್ನ ಮನಸ್ಸು ಪೂರ್ತಿ ಬದಲಾದದ್ದು ರಾಡಿಯಿಂದಲ್ಲ, ಶಹಾಬಾದಿನ ಕಲ್ಲಿನಿಂದ. ಫರ್ಸಿ ಖಣಿಗಳ ಸುತ್ತಮುತ್ತ ದಾರಿಗೆ ಹಾಕುವುದೂ ಅದೇ ಕಲ್ಲಿನ ಚೂರು. ಪದರ ಪದರವಾಗಿ ಒಡೆಯುವ ಕಲ್ಲು, ಅಂಚು ಚಾಕುವಿನ ಹಾಗೆ. ಬೇಸಿಗೆಯಲ್ಲಿ ಆ ಕಡೆ ಹೋದಾಗ ನೆಟ್ಟಗೆ ನಿಂತ ಒಂದು ಫರ್ಸಿ ತುಂಡಿಗೆ ಎಡಗಡೆಯ ಚಕ್ರ ಬಡಿಯಿತು. ಅಲಾಯ್ ಅಂಚು ಎರಡು ಬೆರಳಷ್ಟು ಹಾರಿಹೋಯಿತು. ಹವಾ ಒಂದೇ ಉಸಿರಿಗೆ ಖಾಲಿ. ಊರಿಗೆ ತಂದು ತೋರಿಸಿದರೆ ವೆಲ್ಡಿಂಗ್‌ನವರು ತುಂಬಿ ಕೊಡ್ತೀನಿ, ಆದರೆ ಹೈವೇಗೆ ನಾ ಗ್ಯಾರಂಟಿ ಇಲ್ಲ ಅಂದರು. ಮಾರಿದ ಅಂಗಡಿಯವರು ಒಂದೇ ಒಂದು ಕೊಡೋದಿಲ್ಲ, ನಾಲ್ಕರ ಸೆಟ್ಟೇ ತಗೋಬೇಕು ಅಂದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮುಂದಿನ ವರ್ಷ ಕಬ್ಬಿಣದ ಡಿಸ್ಕಿನಲ್ಲೂ ಇಂಥದೇ ಪೆಟ್ಟು ಬಿತ್ತು, ಈ ಸಲ ಸೇಡಂ ಕಡೆ. ಅಂಚು ಒಳಕ್ಕೆ ಬಾಗಿತು, ಹವಾ ಸಣ್ಣಗೆ ಸೋರುತ್ತಿತ್ತು. ದಾರಿಯಲ್ಲಿ ಸಿಕ್ಕ ಪಂಕ್ಚರ್ ಅಂಗಡಿಯ ಹುಡುಗ ಟೈರು ಬಿಚ್ಚಿ, ಡಿಸ್ಕನ್ನು ಮರದ ತುಂಡಿನ ಮೇಲಿಟ್ಟು, ನಾಲ್ಕು ಸಲ ಸುತ್ತಿಗೆಯಿಂದ ಬಡಿದ. ಸೋಪಿನ ನೀರು ಹಾಕಿ ನೋಡಿದ. "ಆಯ್ತ್ ನೋಡ್ರಿ ಸಾಹೇಬ್ರ." ನೂರು ರೂಪಾಯಿ. ಹಾಗಂತ ಬಾಗಿದ ಡಿಸ್ಕನ್ನೆಲ್ಲ ಬಡಿದು ಓಡಿಸಬೇಡಿ. ಅಂಚು ಬಾಗಿದರೆ ಸರಿ. ನಟ್ಟಿನ ತೂತಿನ ಹತ್ತಿರ ಸಣ್ಣ ಬಿರುಕು ಕಂಡರೂ ಅದು ಗುಜರಿಗೆ.

ಕಬ್ಬಿಣಕ್ಕೂ ಅದರದೇ ಕಾಟ ಇದೆ. ಒಳಗಡೆ ಎರೆ ಮಣ್ಣು ಕೂತು ಒಣಗಿದರೆ ಗಟ್ಟಿ ಇಟ್ಟಿಗೆ. ಒಂದು ಚಕ್ರದಲ್ಲಿ ಅರ್ಧ ಕೆಜಿ ಮಣ್ಣು ಒಂದೇ ಕಡೆ ಕೂತರೆ ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಮೊದಲ ಸಲ ಬೇರಿಂಗ್ ಹೋಯಿತು ಅಂತ ಹೆದರಿ ಗ್ಯಾರೇಜಿಗೆ ಒಯ್ದಿದ್ದೆ. ಈಗ ಡಿಕ್ಕಿಯಲ್ಲಿ ಕಳೆ ತೆಗೆಯುವ ಕುರ್ಪಿ ಇಟ್ಟಿದ್ದೇನೆ. ಡಾಂಬರು ಹತ್ತುವ ಮುಂಚೆ ನಾಲ್ಕೂ ಡಿಸ್ಕನ್ನು ಒಳಗಿನಿಂದ ಕೆರೆದು ಹೊರಡುತ್ತೇನೆ. ತುಕ್ಕು ಬೇರೆ. ಬಣ್ಣ ಹಾರಿದಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಕೈ ಬಳಿಯಬೇಕು.

ತೂಕದ ಬಗ್ಗೆ ನನ್ನದೊಂದು ತಪ್ಪು ತಿಳಿವಳಿಕೆ ಇತ್ತು. ಕಬ್ಬಿಣ ಅಂದರೆ ಭಾರ, ಅಲಾಯ್ ಅಂದರೆ ಹಗುರ ಅಂತ. ಗೆಳೆಯನೊಬ್ಬನ ದಾಲ್ ಮಿಲ್ಲಿನ ಕಾಟಾದ ಮೇಲೆ ಎರಡನ್ನೂ ಟೈರು ಸಮೇತ ಇಟ್ಟು ನೋಡಿದೆವು. ಅಗಲ ಟೈರು ಹಾಕಿದ ಅಲಾಯ್, ಸಣ್ಣ ಟೈರು ಹಾಕಿದ ಕಬ್ಬಿಣಕ್ಕಿಂತ ಐದು ಕೆಜಿ ಹತ್ತಿರ ಜಾಸ್ತಿ ಬಂತು. ಭಾರ ಇರುವುದು ರಬ್ಬರಿನಲ್ಲಿ. ಜಿಮ್ನಿಯ ಒಂದೂವರೆ ಲೀಟರ್ ಇಂಜಿನ್‌ಗೆ ಇರುವ ತಿರುಗುಬಲ 134 ನ್ಯೂಟನ್ ಮೀಟರ್ ಮಾತ್ರ. ಅದರ ಮೇಲೆ ಚಕ್ರಕ್ಕೆ ಐದು ಕೆಜಿ ಹೇರಿದರೆ ಸುಮ್ನೆ ಬಿಡುತ್ತದೆಯೇ? ಓವರ್‌ಟೇಕ್ ಮಾಡಲು ಪ್ರತಿ ಸಲ ಒಂದು ಗೇರ್ ಕೆಳಗೆ ಬರಬೇಕಿತ್ತು. ಮೈಲೇಜ್ ಹದಿನಾಲ್ಕರಿಂದ ಹನ್ನೆರಡಕ್ಕೆ ಇಳಿದಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಆ ಹನ್ನೆರಡು ಪೂರ್ತಿ ನಿಜವಲ್ಲ. ಟೈರು ದೊಡ್ಡದಾದ್ದರಿಂದ ಮೀಟರ್ ಆರು ಪರ್ಸೆಂಟ್ ಹತ್ತಿರ ಕಡಿಮೆ ತೋರಿಸುತ್ತದೆ, ಆದ್ದರಿಂದ ನಿಜವಾದ ಲೆಕ್ಕ ಹನ್ನೆರಡೂ ಮುಕ್ಕಾಲು ಅನ್ನಿ. ಇದೇ ಕಾರಣಕ್ಕೆ ಮೀಟರಿನಲ್ಲಿ 80 ಅಂದಾಗ ಗಾಡಿ ಸುಮಾರು 85ರಲ್ಲಿ ಇರುತ್ತದೆ, ಕ್ಯಾಮೆರಾ ಇರುವ ಕಡೆ ನೆನಪಿರಲಿ.

ಹುಮನಾಬಾದ್ ಕಡೆಯ ಹೈವೇಯಲ್ಲಿ ಒಣ ಡಾಂಬರಿನ ಮೇಲೆ ಅಗಲ ಟೈರು ತಿರುವಿನಲ್ಲಿ ಚೆನ್ನಾಗಿ ಕೂರುತ್ತಿತ್ತು, ಒಪ್ಪುತ್ತೇನೆ. ಮಳೆ ನೀರು ನಿಂತಾಗ ಉಲ್ಟಾ. ನೀರಿನ ಮೇಲೆ ತೇಲಿದ ಹಾಗೆ ಸ್ಟೇರಿಂಗ್ ಒಮ್ಮೆಲೇ ಹಗುರಾಗುತ್ತಿತ್ತು. ಸಣ್ಣ ಟೈರಿನಲ್ಲಿ ಆ ಭಯ ಕಡಿಮೆ.

ಯಾದಗಿರಿಯ ಗೆಳೆಯನ ಹತ್ತಿರವೂ ಜಿಮ್ನಿ ಇದೆ, 215/75 ಆರ್15 ಹಾಕಿಸಿದ್ದಾನೆ. ಒಂದು ಭಾನುವಾರ ಶಹಾಪುರದ ಹತ್ತಿರ ಇಬ್ಬರೂ ಚಕ್ರ ಅದಲುಬದಲು ಮಾಡಿಕೊಂಡು ಓಡಿಸಿದೆವು. ನಾನು ಆಗ ಅಗಲದ ಸೆಟ್ಟನ್ನೂ ಟ್ರಾಲಿಯಲ್ಲಿ ಒಯ್ದಿದ್ದೆ. ಮನೆಯವರ ಅಭಿಪ್ರಾಯ ಇಲ್ಲಿ ಬರೆಯುವ ಹಾಗಿಲ್ಲ. ಅಲ್ಲಿನ ಬೋಳು ಕರಿಕಲ್ಲಿನ ಮೇಲೆ ಹವಾ ಇಳಿಸಿದ ಅಗಲ ಟೈರೇ ಎಲ್ಲಕ್ಕಿಂತ ಚೆನ್ನಾಗಿ ಹತ್ತಿತು. ಭೀಮಾ ದಂಡೆಯ ಒಣ ಮರಳಿನಲ್ಲೂ ಅದೇ ಮುಂದೆ. ಸಣ್ಣದು 28ರಲ್ಲಿ ಹೂತಿತು, 15ಕ್ಕೆ ಇಳಿಸಿದ ಮೇಲೆ ಹೊರಬಂತು. ಗೆಳೆಯನ 215 ಎಲ್ಲ ಕಡೆ ನಡುವಿನಲ್ಲಿ ನಿಂತಿತು. ಸಣ್ಣದಕ್ಕಿಂತ ಎತ್ತರ ಬರೀ ಒಂದು ಸೆಂಟಿಮೀಟರ್ ಜಾಸ್ತಿ, ಮೀಟರ್ ಕೆಡುವುದಿಲ್ಲ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಕಲ್ಲು, ಮರಳು, ಹೈವೇ ಎಲ್ಲ ಬೆರೆತ ಓಡಾಟ ಇರುವವರಿಗೆ ಅದನ್ನೇ ಹೇಳುತ್ತೇನೆ. ಬೀದರ್ ಕಡೆಯ ಕೆಂಪು ಮಣ್ಣಿನವರಿಗಂತೂ ನನ್ನ ಅರ್ಧ ಗೋಳು ಇಲ್ಲ, ಆ ಮಣ್ಣು ನೀರು ಬಸಿದುಕೊಂಡು ಬೇಗ ಗಟ್ಟಿಯಾಗುತ್ತದೆ. ಎರೆ ದಾರಿಯಲ್ಲಿ ದಿನಾ ಓಡಾಡುವವರಿಗೆ ಮಾತ್ರ 195, ಕಬ್ಬಿಣದ ಡಿಸ್ಕು. ಕಂಪನಿ ಕೊಟ್ಟ ಅಳತೆಯೇ ಆದ್ದರಿಂದ ಆರ್‌ಟಿಒದಲ್ಲೂ ವಿಮೆಯಲ್ಲೂ ಪ್ರಶ್ನೆ ಏಳುವುದಿಲ್ಲ.

ಯಾವುದೇ ಹಾಕಿಸಿ, ಐದು ತಗೊಳ್ಳಿ, ನಾಲ್ಕಲ್ಲ. ಅಗಲದ ಸೆಟ್ ಹಾಕಿದಾಗ ನಾನು ದುಡ್ಡು ಉಳಿಸಲು ಹಿಂದಿನ ಬಾಗಿಲಿನ ಸ್ಟೆಪ್ನಿಯನ್ನು ಹಳೆಯದೇ ಬಿಟ್ಟಿದ್ದೆ. ಶಹಾಬಾದಿನಲ್ಲಿ ಅಲಾಯ್ ಒಡೆದಾಗ ಅದನ್ನೇ ಹಾಕಬೇಕಾಯಿತು. ಒಂದು ಚಕ್ರ ನಾಲ್ಕು ಸೆಂಟಿಮೀಟರ್ ಗಿಡ್ಡ. ಜಿಮ್ನಿಯಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡು ತಿರುಗುತ್ತವೆ. ಚಕ್ರದ ಅಳತೆ ಬೇರೆ ಬೇರೆ ಇದ್ದರೆ ಆ ಎಳೆದಾಟವೆಲ್ಲ ಗೇರ್ ಮೇಲೆ ಬೀಳುತ್ತದೆ. ಅದಕ್ಕೇ ಫೋರ್ ವೀಲ್ ಹಾಕದೆ, ಟೂ ವೀಲ್‌ನಲ್ಲೇ, ಖಣಿ ದಾರಿಯಿಂದ ಡಾಂಬರಿನ ತನಕ ಒಂದನೇ ಗೇರಿನಲ್ಲಿ ತೆವಳಿಕೊಂಡು ಬಂದೆ. ಆರು ಕಿಲೋಮೀಟರ್, ಮೇ ತಿಂಗಳ ಬಿಸಿಲು, ಒಂದೂ ಕಾಲು ಗಂಟೆ.